ಬಡಾಯಿ ಕಥೆಗಳ ಸರದಾರ, ಮಾತಿಗೆ ತಪ್ಪದ ಸಾಲಗಾರ: ಮಾರ್ಕ್ ಟ್ವೇನ್

ವಿಜಯಪುರ: ನಗರದ ಪಶ್ಚಿಮ ಕೋಟೆಗೋಡೆಯ ಷೇರ್ಜಾ ಬುರುಜನ್ನು ಏರಿದವರಿಗೆ ಮಲಿಕ್-ಎ-ಮೈದಾನ್ ತೋಪಿನ ದರ್ಶನದ ಜೊತೆಗೆ ಒಂದು ಕಥೆಯೂ ದೊರೆಯುತ್ತದೆ. ತೋಪಿಗೆ ಬತ್ತಿ ಹಚ್ಚಿದ ಗೋಲಂದಾಜನು ಅದರ ಸದ್ದಿಗೆ ಕಿವಿ ಒಡೆಯದಿರಲೆಂದು ಪಕ್ಕದ ನೀರಿನ ತೊಟ್ಟಿಗೆ ಹಾರಿ ಮುಳುಗು ಹಾಕುತ್ತಿದ್ದನಂತೆ. ಹೇಳುವವರ ಉತ್ಸಾಹ ಏರಿದಂತೆ ಆ ಸದ್ದು ಕೇಳಿಸುತ್ತಿದ್ದ ದೂರವೂ ಏರುತ್ತದೆ. ಕೇಳುವವರು ತಲೆದೂಗುತ್ತಾರೆ, ನಗುತ್ತಾರೆ, ತೋಪಿನ ಮೈ ಸವರಿ ಕೆಳಗಿಳಿಯುತ್ತಾರೆ. ಯಾರಿಗೂ ಮೋಸ ಹೋದ ಭಾವವಿಲ್ಲ.

ವಿಚಿತ್ರವೆಂದರೆ, ಈ ತೋಪಿನ ದಾಖಲಾದ ಚರಿತ್ರೆಯೇ ಬಡಾಯಿಯನ್ನು ಮೀರಿಸುವಂತಿದೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಈ ತೋಪನ್ನು 1854ರಲ್ಲಿ ಬ್ರಿಟಿಷ್ ಆಡಳಿತ ಹಳೆಯ ಲೋಹವೆಂದು ಹರಾಜಿಗೆ ಇಟ್ಟಿತ್ತು. ಬಂದ ಬೆಲೆ 150 ರೂಪಾಯಿ! ಮೇಲಧಿಕಾರಿಗಳು ಒಪ್ಪದೆ ಹರಾಜು ರದ್ದಾದುದರಿಂದ ತೋಪು ಉಳಿಯಿತು. ಕಟ್ಟುಕಥೆಯನ್ನು ನಂಬುವವನೂ ಈ ನಿಜವನ್ನು ನಂಬಲು ಒಂದು ಕ್ಷಣ ತಡೆಯುತ್ತಾನೆ.

ನಗರದಿಂದ ಪಶ್ಚಿಮಕ್ಕೆ ತಿಕೋಟಾ, ನೈಋತ್ಯಕ್ಕೆ ಬಬಲೇಶ್ವರ. ದ್ರಾಕ್ಷಿ ತೋಟಗಳು ಹಬ್ಬಿರುವ ಈ ಸೀಮೆ ಮೂಲತಃ ಬಿಸಿಲಿನ, ಬರದ, ಬಿಳಿಜೋಳದ ನಾಡು. ಡೋಣಿ ನದಿಯ ಎರೆಭೂಮಿ ಒಮ್ಮೆ ಬೆಳೆದರೆ ಓಣಿಯ ತುಂಬ ಕಾಳು ಚೆಲ್ಲುತ್ತದೆಂಬ ಗಾದೆ ಹುಟ್ಟಿದ್ದು ಇಲ್ಲಿಯೇ. ಅದು ಬೆಳೆಯದ ವರ್ಷಗಳೇ ಹೆಚ್ಚೆಂಬುದನ್ನು ಗಾದೆ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಸಂಜೆಯ ಕಟ್ಟೆಯ ಮೇಲೆ ಕುಳಿತು ಬಿಸಿಲು, ಎತ್ತು, ಬಾವಿಯ ಆಳ ಇವನ್ನೆಲ್ಲ ಹಿಗ್ಗಿಸಿ ಹೇಳುವ ಗಪ್ಪಾ ಇಂತಹ ನೆಲದ ಹಳೆಯ ಸಂಪತ್ತು. ಇಂಥದೇ ಒಂದು ಒಣನೆಲದಲ್ಲಿ ಇಂಥದೇ ಗಪ್ಪಾ ಕೇಳಿ, ಅದನ್ನು ಜಗತ್ತಿನ ಸಾಹಿತ್ಯಕ್ಕೆ ಸೇರಿಸಿದವನು ಅಮೆರಿಕದ ಮಾರ್ಕ್ ಟ್ವೇನ್. ಬಡಾಯಿಗೂ ವಂಚನೆಗೂ ನಡುವೆ ಇರುವ ಗೆರೆಯನ್ನು ಆತ ಕಲಿತದ್ದು ಪುಸ್ತಕದಿಂದಲ್ಲ, ಪತ್ರಿಕಾ ಕಚೇರಿಯಲ್ಲಿ ಎಡವಿ ಬಿದ್ದು.

ನದಿಯ ದಂಡೆಯ ಬಾಲಕ

ಸ್ಯಾಮ್ಯುಯೆಲ್ ಲ್ಯಾಂಗ್‌ಹಾರ್ನ್ ಕ್ಲೆಮೆನ್ಸ್ ಎಂಬುದು ಆತನ ನಿಜನಾಮ. 1835ರ ನವೆಂಬರ್ 30ರಂದು ಮಿಸ್ಸೌರಿ ರಾಜ್ಯದ ಫ್ಲಾರಿಡಾ ಎಂಬ ಸಣ್ಣ ಹಳ್ಳಿಯಲ್ಲಿ ಜನನ. ಆಗ ಆಕಾಶದಲ್ಲಿ ಹ್ಯಾಲಿ ಧೂಮಕೇತು ಹಾದುಹೋಗುತ್ತಿತ್ತು. ನಾಲ್ಕು ವರ್ಷಗಳ ತರುವಾಯ ಕುಟುಂಬ ಮಿಸಿಸಿಪಿ ನದಿಯ ದಂಡೆಯ ಹ್ಯಾನಿಬಲ್ ಊರಿಗೆ ಬಂದಿತು. 1847ರಲ್ಲಿ ತಂದೆ ತೀರಿಕೊಂಡರು. ಹನ್ನೊಂದು ವರ್ಷದ ಹುಡುಗನ ಶಾಲೆ ಹೆಚ್ಚು ಕಾಲ ನಡೆಯಲಿಲ್ಲ. ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಕೆಲಸಕ್ಕೆ ಸೇರಿದ ಆತ, ಮುಂದೆ ಅಣ್ಣ ಓರಿಯನ್ ನಡೆಸುತ್ತಿದ್ದ ಪತ್ರಿಕೆಯಲ್ಲಿ ದುಡಿದ. ಆತನ ವಿಶ್ವವಿದ್ಯಾಲಯ ಮುದ್ರಣಾಲಯವೇ ಆಗಿತ್ತು.

1857ರಲ್ಲಿ ಹೊರೇಸ್ ಬಿಕ್ಸ್‌ಬಿ ಎಂಬ ನಾವಿಕನ ಶಿಷ್ಯನಾಗಿ ಹಬೆದೋಣಿ ನಡೆಸುವ ವಿದ್ಯೆಗೆ ಇಳಿದ. ಮರಳುದಿಬ್ಬಗಳು ದಿನಕ್ಕೊಂದು ಕಡೆ ಸರಿಯುವ ಆ ಮಹಾನದಿಯ ನೂರಾರು ಮೈಲಿಗಳನ್ನು ಬಾಯಿಪಾಠ ಮಾಡಿ 1859ರಲ್ಲಿ ಪರವಾನಗಿ ಪಡೆದ. ಈ ನಡುವೆ ದೊಡ್ಡ ದುಃಖವೊಂದು ಎದುರಾಗಿತ್ತು. 1858ರಲ್ಲಿ ಪೆನ್ಸಿಲ್ವೇನಿಯಾ ಎಂಬ ಹಬೆದೋಣಿಯ ಬಾಯ್ಲರ್ ಸಿಡಿದು ತಮ್ಮ ಹೆನ್ರಿ ಅಸುನೀಗಿದ. ಆ ದೋಣಿಯಲ್ಲಿ ತಮ್ಮನಿಗೆ ಕೆಲಸ ಕೊಡಿಸಿದವನು ತಾನೇ ಎಂಬ ಕೊರಗು ಟ್ವೇನ್‌ನನ್ನು ಜೀವನಪರ್ಯಂತ ಬಿಡಲಿಲ್ಲ. ಜಗತ್ತನ್ನು ನಗಿಸಿದವನ ಎದೆಯಲ್ಲಿ ಇಂತಹ ಹಲವು ಗಾಯಗಳಿದ್ದವು.

ಬೆಳ್ಳಿಯ ನಾಡಿನ ವರದಿಗಾರ

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ನದಿಯ ಸಂಚಾರ ನಿಂತಿತು. ದಕ್ಷಿಣದವರ ಪರವಾದ ಒಂದು ಸ್ಥಳೀಯ ದಂಡಿನಲ್ಲಿ ಸುಮಾರು ಎರಡು ವಾರ ಕಳೆದು, ಯುದ್ಧ ತನ್ನ ಕೈಲಾಗದೆಂದು ಟ್ವೇನ್ ಹೊರಬಂದ. ಅದೇ ಹೊತ್ತಿಗೆ ಅಣ್ಣ ಓರಿಯನ್‌ಗೆ ನೆವಾಡಾ ಪ್ರಾಂತ್ಯದ ಕಾರ್ಯದರ್ಶಿ ಹುದ್ದೆ ದೊರಕಿತ್ತು. ಆ ವರ್ಷದ ಜುಲೈನಲ್ಲಿ ಅಣ್ಣತಮ್ಮಂದಿರು ಕುದುರೆಗಾಡಿ ಏರಿ, ಬಯಲು, ಬೆಟ್ಟ, ಉಪ್ಪಿನ ಮರುಭೂಮಿಗಳನ್ನು ದಾಟಿ, ಸುಮಾರು ಮೂರು ವಾರಗಳ ಬಳಿಕ ಕಾರ್ಸನ್ ಸಿಟಿ ತಲುಪಿದರು.

ಕನ್ನಡಿಗರಿಗೆ ಈ ಪಶ್ಚಿಮ ಸೀಮೆಯ ಪರಿಚಯ ಹೆಚ್ಚಾಗಿ ಸಿನಿಮಾದಿಂದ. ಹಾಲಿವುಡ್‌ನ ಟೋಪಿ, ಕುದುರೆ, ಪಿಸ್ತೂಲುಗಳನ್ನು ನಮ್ಮವರು ಅಳವಡಿಸಿಕೊಂಡಾಗಲೂ ಅದಕ್ಕೆ ನಗೆಯ ಲೇಪ ಹಚ್ಚಿದರು. ದ್ವಾರಕೀಶ್ ಅಭಿನಯದ ‘ಕೌಬಾಯ್ ಕುಳ್ಳ’ 1973ರಲ್ಲಿ ತೆರೆಕಂಡಿದ್ದು ಇದಕ್ಕೆ ಸಾಕ್ಷಿ. ಆದರೆ ಟ್ವೇನ್ ಕಂಡ ಪಶ್ಚಿಮದಲ್ಲಿ ಪಿಸ್ತೂಲಿಗಿಂತ ಗುದ್ದಲಿಯ ಸದ್ದೇ ಜೋರಾಗಿತ್ತು. 1859ರಲ್ಲಿ ಅಲ್ಲಿ ಕಾಮ್‌ಸ್ಟಾಕ್ ಬೆಳ್ಳಿಯ ನಿಕ್ಷೇಪ ಪತ್ತೆಯಾಗಿ ದೇಶದ ಎಲ್ಲೆಡೆಯಿಂದ ಜನ ಮುಗಿಬಿದ್ದಿದ್ದರು. ಬೆಳಿಗ್ಗೆ ಲಕ್ಷಾಧೀಶ, ಸಂಜೆಗೆ ಭಿಕಾರಿ ಎಂಬಂತಹ ಬದುಕು. ಟ್ವೇನ್ ಕೂಡ ಬೆಳ್ಳಿಗಾಗಿ ಬಂಡೆ ಅಗೆದ. ಕೈಗೆ ಬಂದದ್ದು ಬೊಬ್ಬೆ ಮಾತ್ರ.

1862ರ ಶರತ್ಕಾಲದಲ್ಲಿ ವರ್ಜೀನಿಯಾ ಸಿಟಿಯ ‘ಟೆರಿಟೋರಿಯಲ್ ಎಂಟರ್‌ಪ್ರೈಸ್’ ಪತ್ರಿಕೆ ವಾರಕ್ಕೆ 25 ಡಾಲರ್ ಸಂಬಳದ ಮೇಲೆ ಆತನನ್ನು ವರದಿಗಾರನನ್ನಾಗಿ ಸೇರಿಸಿಕೊಂಡಿತು. 1863ರ ಫೆಬ್ರವರಿಯಲ್ಲಿ ಮಾರ್ಕ್ ಟ್ವೇನ್ ಎಂಬ ಹೆಸರು ಮೊದಲ ಬಾರಿಗೆ ಅಚ್ಚಾದದ್ದು ಇದೇ ಪತ್ರಿಕೆಯಲ್ಲಿ. ನದಿಯ ಆಳ ಅಳೆಯುವವರು ಕೂಗುತ್ತಿದ್ದ ಮಾತದು. ಎರಡು ಮಾರು, ಅಂದರೆ ಹನ್ನೆರಡು ಅಡಿ ನೀರಿದೆ, ದೋಣಿಗೆ ಅಪಾಯವಿಲ್ಲ ಎಂದು ಅದರ ಅರ್ಥ.

ಸುಳ್ಳು ಸುದ್ದಿಯ ಪಾಠ

ವರದಿಗಾರನಾದ ಹೊಸತರಲ್ಲೇ, 1862ರ ಅಕ್ಟೋಬರ್‌ನಲ್ಲಿ, ಟ್ವೇನ್ ಒಂದು ಸುದ್ದಿ ಬರೆದ. ಬೆಟ್ಟವೊಂದರಲ್ಲಿ ಕಲ್ಲಾಗಿ ಹೋದ ಮನುಷ್ಯದೇಹ ಸಿಕ್ಕಿದೆ ಎಂಬುದು ಅದರ ಸಾರಾಂಶ. ದೇಹದ ಕೈಬೆರಳುಗಳು ಎಲ್ಲಿವೆ, ಕಣ್ಣು ಹೇಗಿದೆ ಎಂಬ ವಿವರಗಳನ್ನು ಬೇರೆ ಬೇರೆ ವಾಕ್ಯಗಳಲ್ಲಿ ಚದುರಿಸಿದ್ದ. ಅವನ್ನು ಜೋಡಿಸಿ ನೋಡಿದವನಿಗೆ ಮಾತ್ರ, ಕಲ್ಲಿನ ಮನುಷ್ಯ ಮೂಗಿಗೆ ಹೆಬ್ಬೆರಳಿಟ್ಟು ಓದುಗನನ್ನೇ ಅಣಕಿಸುತ್ತಿದ್ದಾನೆಂಬುದು ಹೊಳೆಯುತ್ತಿತ್ತು. ಆ ಕಾಲದ ಶಿಲಾರೂಪಿ ದೇಹಗಳ ಹುಚ್ಚನ್ನೂ, ತನಗಾಗದ ಸ್ಥಳೀಯ ಅಧಿಕಾರಿಯೊಬ್ಬನನ್ನೂ ಗೇಲಿ ಮಾಡುವುದು ಉದ್ದೇಶ. ಆದರೆ ಬೇರೆ ಪತ್ರಿಕೆಗಳು ಜೋಡಿಸುವ ಗೋಜಿಗೇ ಹೋಗದೆ ಸುದ್ದಿಯನ್ನು ನಿಜವೆಂದೇ ಮರುಮುದ್ರಿಸಿದವು.

ಅದು ನಗೆಯಲ್ಲಿ ಮುಗಿಯಿತು. ಮರುವರ್ಷದ್ದು ಹಾಗೆ ಮುಗಿಯಲಿಲ್ಲ. 1863ರ ಅಕ್ಟೋಬರ್ 28ರಂದು, ವ್ಯಕ್ತಿಯೊಬ್ಬ ಹೆಂಡತಿ ಮಕ್ಕಳನ್ನು ಕೊಂದು, ಸೀಳಿದ ಕತ್ತಿನೊಂದಿಗೆ ಕುದುರೆ ಏರಿ ಕಾರ್ಸನ್ ಊರಿಗೆ ಬಂದು ಸತ್ತನೆಂಬ ಭೀಕರ ವರದಿ ಪ್ರಕಟವಾಯಿತು. ಷೇರು ಕಂಪನಿಯೊಂದರ ಲಾಭಾಂಶದ ಮೋಸದಿಂದ ಹಣ ಕಳೆದುಕೊಂಡು ಆತ ಹುಚ್ಚನಾದನೆಂಬುದು ವರದಿಯ ಕೊನೆಯಲ್ಲಿತ್ತು. ಟ್ವೇನ್‌ನ ನಿಜವಾದ ಗುರಿ ಆ ಕಂಪನಿ ಮತ್ತು ಅದರ ಬಗ್ಗೆ ಮೌನವಾಗಿದ್ದ ಸ್ಯಾನ್ ಫ್ರಾನ್ಸಿಸ್ಕೊ ಪತ್ರಿಕೆಗಳು. ಇದು ಕಟ್ಟುಕಥೆ ಎಂಬುದಕ್ಕೆ ಸುಳಿವುಗಳನ್ನೂ ಇಟ್ಟಿದ್ದ. ವರದಿಯಲ್ಲಿ ಬರುವ ಪೈನ್ ಕಾಡು ಅಲ್ಲಿ ಇರಲೇ ಇಲ್ಲ. ಕತ್ತು ಸೀಳಿದವನು ಮೈಲಿಗಟ್ಟಲೆ ಕುದುರೆ ಓಡಿಸುವುದು ಸಾಧ್ಯವೂ ಇರಲಿಲ್ಲ.

ಯಾರೂ ಸುಳಿವನ್ನು ನೋಡಲಿಲ್ಲ. ರಕ್ತವನ್ನಷ್ಟೇ ನೋಡಿದರು. ಸುದ್ದಿ ಊರಿಂದೂರಿಗೆ ಹಬ್ಬಿತು. ಮರುದಿನ ತಪ್ಪೊಪ್ಪಿಕೊಂಡಾಗ, ನಂಬಿ ಮರುಮುದ್ರಿಸಿದ್ದ ಪತ್ರಿಕೆಗಳು ಕೆಂಡವಾದವು. ಇಂಥವನಿರುವ ಪತ್ರಿಕೆಯ ಯಾವ ಸುದ್ದಿಯನ್ನು ನಂಬುವುದೆಂದು ಪ್ರಶ್ನಿಸಿದವು. ಟ್ವೇನ್ ರಾಜೀನಾಮೆಗೆ ಮುಂದಾದರೂ ಸಂಪಾದಕ ಜೋ ಗುಡ್‌ಮನ್ ಒಪ್ಪಲಿಲ್ಲ. ಭಯಾನಕ ವಿವರವೊಂದು ಮೊದಲು ಸಿಕ್ಕಿದರೆ ಓದುಗ ಅಲ್ಲಿಗೇ ನಿಲ್ಲುತ್ತಾನೆ, ಅದರ ಹಿಂದಿನ ವಿಡಂಬನೆ ಅವನನ್ನು ತಲುಪುವುದಿಲ್ಲ ಎಂದು ಟ್ವೇನ್ ಕೆಲವು ವರ್ಷಗಳ ಬಳಿಕ ತನ್ನ ಸೋಲನ್ನು ತಾನೇ ವಿಶ್ಲೇಷಿಸಿ ಬರೆದ. ಮೊಬೈಲ್ ಫೋನುಗಳಲ್ಲಿ ಸುಳ್ಳು ಸುದ್ದಿ ಕ್ಷಣದಲ್ಲಿ ಊರು ದಾಟುವ ಇಂದಿನ ದಿನಗಳಲ್ಲಿ ಸುದ್ದಿಮನೆಯವರೆಲ್ಲ ಓದಬೇಕಾದ ಪಾಠವಿದು.

ಆದರೂ ಬುದ್ಧಿ ಪೂರ್ಣ ಬಂದಿರಲಿಲ್ಲ. 1864ರ ಮೇ ತಿಂಗಳಿನಲ್ಲಿ, ಗಾಯಾಳು ಸೈನಿಕರ ನೆರವಿನ ನಿಧಿಯ ಕುರಿತು ಮಾಡಿದ ಕೀಳು ತಮಾಷೆ ಊರಿನ ಮಹಿಳೆಯರನ್ನು ನೋಯಿಸಿತು. ಪ್ರತಿಸ್ಪರ್ಧಿ ಪತ್ರಿಕೆಯೊಂದಿಗಿನ ಜಗಳ ಪಿಸ್ತೂಲಿನ ದ್ವಂದ್ವಯುದ್ಧದ ಸವಾಲಿನವರೆಗೆ ಹೋಯಿತು. ಮಾತಿನ ಶೂರ ಗುಂಡು ಹಾರಿಸದೆಯೇ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟುಹೋದ.

ಜಗತ್ತಿನ ಕಿವಿಗೆ ಬಿದ್ದ ಕಪ್ಪೆ

ಬಡಾಯಿಗೆ ಸರಿಯಾದ ಜಾಗ ಸುದ್ದಿಯ ಅಂಕಣವಲ್ಲ, ಕಥೆಯ ಅಂಗಳ ಎಂಬುದು ಆತನಿಗೆ ತಿಳಿದದ್ದು 1864-65ರ ಚಳಿಗಾಲದಲ್ಲಿ. ಕ್ಯಾಲಿಫೋರ್ನಿಯಾದ ಕ್ಯಾಲವೆರಸ್ ಸೀಮೆಯಲ್ಲಿ ಚಿನ್ನ ಮುಗಿದು ಹೋಗಿದ್ದ ಗಣಿ ಊರುಗಳಿದ್ದವು. ಮಳೆ ಹಿಡಿದ ದಿನಗಳಲ್ಲಿ ಏಂಜಲ್ಸ್ ಕ್ಯಾಂಪ್‌ನ ಹೋಟೆಲಿನ ಒಲೆಯ ಮುಂದೆ ಕುಳಿತು ಹಳಬರ ಹರಟೆ ಕೇಳುವುದೇ ಕೆಲಸ. ಅಲ್ಲಿಯ ಹಿರಿಯನೊಬ್ಬ ಪಂದ್ಯದ ಕಪ್ಪೆಯ ಕಥೆ ಹೇಳಿದ. ಮುಖದಲ್ಲಿ ನಗೆಯ ಎಳೆಯಿಲ್ಲ. ತಾನು ಹೇಳುತ್ತಿರುವುದರಲ್ಲಿ ನಗುವಂಥದ್ದಿದೆ ಎಂಬ ಅರಿವೂ ಇದ್ದಂತಿಲ್ಲ. ಟ್ವೇನ್‌ಗೆ ಹೊಳೆದ ಗುಟ್ಟು ಅದೇ.

ಕಥೆ ಸರಳವಾದುದು. ಯಾವುದಕ್ಕಾದರೂ ಬಾಜಿ ಕಟ್ಟುವ ಜಿಮ್ ಸ್ಮೈಲಿ, ನೆಗೆಯಲು ಕಲಿಸಿದ ತನ್ನ ಕಪ್ಪೆಯ ಮೇಲೆ ಪಂದ್ಯ ಹೂಡುತ್ತಾನೆ. ಆತ ಎದುರಾಳಿಗೆ ಇನ್ನೊಂದು ಕಪ್ಪೆ ಹಿಡಿದು ತರಲು ಹೋದಾಗ, ಆ ಅಪರಿಚಿತ ಸ್ಮೈಲಿಯ ಕಪ್ಪೆಯ ಬಾಯೊಳಗೆ ಸೀಸದ ಗುಂಡುಗಳನ್ನು ಸುರಿಯುತ್ತಾನೆ. ಕಪ್ಪೆ ಕುಳಿತಲ್ಲಿಂದ ಅಲುಗುವುದಿಲ್ಲ. 1865ರ ನವೆಂಬರ್ 18ರಂದು ನ್ಯೂಯಾರ್ಕಿನ ‘ಸ್ಯಾಟರ್ಡೇ ಪ್ರೆಸ್’ ವಾರಪತ್ರಿಕೆಯಲ್ಲಿ ಅಚ್ಚಾದ ಈ ಕಥೆ ದೇಶದಾದ್ಯಂತ ಮರುಮುದ್ರಣಗೊಂಡಿತು. ಸಣ್ಣ ಊರಿನ ವರದಿಗಾರ ದೇಶಕ್ಕೆ ಪರಿಚಿತನಾದ. ಈ ಬಾರಿ ಯಾರೂ ಸಿಟ್ಟಾಗಲಿಲ್ಲ. ಹೇಳುವವನಿಗೂ ಕೇಳುವವನಿಗೂ ಇದು ಆಟವೆಂದು ಗೊತ್ತಿತ್ತು.

ಒಣನೆಲದ ನಗೆ

1869ರಲ್ಲಿ ಯುರೋಪ್ ಮತ್ತು ಪಶ್ಚಿಮ ಏಷ್ಯಾ ಪ್ರವಾಸದ ಪುಸ್ತಕದಿಂದ ಟ್ವೇನ್ ಹಣ, ಹೆಸರು ಎರಡನ್ನೂ ಗಳಿಸಿದ. 1870ರಲ್ಲಿ ಒಲಿವಿಯಾ ಲ್ಯಾಂಗ್ಡನ್‌ಳನ್ನು ವರಿಸಿದ. ನೆವಾಡಾ, ಕ್ಯಾಲಿಫೋರ್ನಿಯಾ ದಿನಗಳ ನೆನಪುಗಳ ‘ರಫಿಂಗ್ ಇಟ್’ 1872ರಲ್ಲಿ ಹೊರಬಂದಿತು. ಪಶ್ಚಿಮ ಸೀಮೆಯ ಬಡಾಯಿಯ ಭಂಡಾರವೆಂದರೆ ಇದೇ. ಮನುಷ್ಯನನ್ನು ಬೆನ್ನಟ್ಟಿ ಮರ ಏರುವ ಕಾಡೆಮ್ಮೆ, ಮನೆಗಳ ಮಾಡು, ಗಾಡಿಗಳನ್ನೆಲ್ಲ ಆಕಾಶಕ್ಕೆ ಹಾರಿಸುವ ಮಧ್ಯಾಹ್ನದ ಗಾಳಿ, ಗಣಿಯ ಸಿಡಿಮದ್ದಿಗೆ ಸಿಕ್ಕಿ ಮೋಡದವರೆಗೆ ಹೋಗಿ ಮರಳುವ ಬೆಕ್ಕು, ಅಜ್ಜನ ಟಗರಿನ ಕಥೆ ಹೇಳುತ್ತೇನೆಂದು ಕುಳಿತು, ಸಂಬಂಧವಿಲ್ಲದ ಹತ್ತಾರು ಜನರ ವೃತ್ತಾಂತ ಹೇಳುತ್ತ, ಟಗರಿನ ಬಳಿಗೆ ಬರುವ ಮೊದಲೇ ನಿದ್ರೆಗೆ ಜಾರುವ ಕುಡುಕ...

ಈ ಕಥೆಗಳ ಆಕರ್ಷಣೆ ಎಲ್ಲಿದೆ? ಮೊದಲನೆಯದಾಗಿ, ಕಥೆ ನಿಜದಿಂದಲೇ ಹೊರಡುತ್ತದೆ. ಗಾಳಿ ನಿಜ, ಗಣಿ ನಿಜ, ಕೆಟ್ಟ ಕುದುರೆಯೂ ನಿಜ. ಒಂದೊಂದೇ ಮೆಟ್ಟಿಲು ಏರುತ್ತ ಯಾವ ಮೆಟ್ಟಿಲಿನಲ್ಲಿ ನೆಲ ಬಿಟ್ಟೆವೆಂಬುದು ತಿಳಿಯದಂತೆ ಅಸಾಧ್ಯಕ್ಕೆ ಮುಟ್ಟುತ್ತದೆ. ಎರಡನೆಯದಾಗಿ, ಹೇಳುವವನು ನಗುವುದಿಲ್ಲ. ನಗುವ ಹೊಣೆ ಕೇಳುವವನದು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಮನುಷ್ಯನನ್ನು ಸೋಲಿಸುವ ನೆಲವನ್ನು ಮಾತಿನಲ್ಲಾದರೂ ಗೆಲ್ಲುವ ಉಪಾಯವಿದು. ಬರ, ಬಿಸಿಲು, ಬೆಳ್ಳಿ ಸಿಗದ ಬಂಡೆ ಇವು ಇದ್ದಷ್ಟೇ ದೊಡ್ಡದಾಗಿದ್ದರೆ ಸಹಿಸುವುದು ಕಷ್ಟ. ಹತ್ತುಪಟ್ಟು ಹಿಗ್ಗಿಸಿದರೆ ನಗಬಹುದು. ತಿಕೋಟಾ, ಬಬಲೇಶ್ವರದ ಕಟ್ಟೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಅಗ್ಗದ ಕಾಗದದ ಮಾಸಿಕಗಳು ಅಮೆರಿಕದಲ್ಲಿ ಮನೆಮಾತಾದಾಗ, 20ನೆಯ ಶತಮಾನದ ಮೊದಲ ದಶಕಗಳಲ್ಲಿ, ಡಬ್ಲ್ಯು. ಸಿ. ಟಟಲ್ ಮುಂತಾದವರು ಪಶ್ಚಿಮ ಸೀಮೆಯ ನಗೆಗಥೆಗಳನ್ನು ರಾಶಿರಾಶಿಯಾಗಿ ಬರೆದರು. ರೈಲಿನಲ್ಲಿ ಓದಿ ಬಿಟ್ಟುಹೋಗುವ ಆ ಪುಟಗಳ ಪೂರ್ವಜ ಟ್ವೇನ್.

ಒಂದು ಕಳಂಕವನ್ನೂ ಮರೆಯಬಾರದು. ಇದೇ ಪುಸ್ತಕದಲ್ಲಿ ಅಲ್ಲಿಯ ಮೂಲನಿವಾಸಿಗಳ ಕುರಿತು ಬರೆದ ಪುಟಗಳಲ್ಲಿ ತಿರಸ್ಕಾರವೇ ತುಂಬಿದೆ. ಬಲಹೀನನನ್ನು ಗುರಿಯಾಗಿಸಿದಾಗ ಉತ್ಪ್ರೇಕ್ಷೆ ನಗೆಯಾಗಿ ಉಳಿಯದೆ ಕ್ರೌರ್ಯವಾಗುತ್ತದೆ. ಗುಲಾಮಗಿರಿಯ ನಾಡಿನಲ್ಲಿ ಹುಟ್ಟಿದ ಆತ, ಓಡಿಹೋದ ಗುಲಾಮ ಜಿಮ್‌ನನ್ನು ಕಥೆಯ ಅಂತಃಕರಣವಾಗಿಸಿದ ‘ಹಕಲ್‌ಬೆರಿ ಫಿನ್’ ಕಾದಂಬರಿಗೆ ಬರುವಷ್ಟರಲ್ಲಿ ಬಹುದೂರ ನಡೆದಿದ್ದ. ಆ ಕೃತಿ 1884ರಲ್ಲಿ ಇಂಗ್ಲೆಂಡಿನಲ್ಲಿ, 1885ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು.

ಸಾಲದ ಮುಂದೆ ಸತ್ಯ

ಗಣಿಯಲ್ಲಿ ಕಲಿತ ಜೂಜಿನ ಗುಣ ಮಾತ್ರ ಆತನನ್ನು ಬಿಡಲಿಲ್ಲ. ಮೊಳೆಗಳನ್ನು ತಾನಾಗಿ ಜೋಡಿಸುವ ಪೇಜ್ ಎಂಬುವನ ಯಂತ್ರಕ್ಕೆ ವರ್ಷಗಟ್ಟಲೆ ಹಣ ಸುರಿದ. ಸಾವಿರಾರು ಬಿಡಿಭಾಗಗಳ ಆ ಯಂತ್ರ ಪದೇ ಪದೇ ಕೆಡುತ್ತಿತ್ತು. ಪ್ರತಿಸ್ಪರ್ಧಿ ಲೈನೋಟೈಪ್ ಯಂತ್ರ ಮಾರುಕಟ್ಟೆಯನ್ನು ಗೆದ್ದಿತು. ಆತ ಸ್ಥಾಪಿಸಿದ್ದ ಪ್ರಕಾಶನ ಸಂಸ್ಥೆಯೂ 1894ರ ಏಪ್ರಿಲ್‌ನಲ್ಲಿ ದಿವಾಳಿ ಎದ್ದಿತು. ಅರವತ್ತರ ಹೊಸ್ತಿಲಿನಲ್ಲಿದ್ದ ಲೇಖಕನ ತಲೆಯ ಮೇಲೆ ಒಂದು ಲಕ್ಷ ಡಾಲರ್‌ನಷ್ಟು ಸಾಲ.

ಕಾನೂನಿನ ಆಶ್ರಯ ಪಡೆದು ಒಂದಂಶವನ್ನಷ್ಟೇ ತೀರಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಪತ್ನಿ ಒಲಿವಿಯಾ ಒಂದು ಡಾಲರನ್ನೂ ಉಳಿಸಿಕೊಳ್ಳಬಾರದೆಂದು ಪಟ್ಟು ಹಿಡಿದಳು. ಟ್ವೇನ್ ಒಪ್ಪಿದ. ಉದ್ಯಮಿ ಗೆಳೆಯ ಹೆನ್ರಿ ರೋಜರ್ಸ್ ಲೆಕ್ಕಪತ್ರ ನೋಡಿಕೊಂಡ. 1895ರ ಜುಲೈನಲ್ಲಿ ಹೆಂಡತಿ ಹಾಗೂ ಮಗಳು ಕ್ಲಾರಾಳೊಂದಿಗೆ ಟ್ವೇನ್ ವಿಶ್ವದ ಉಪನ್ಯಾಸ ಯಾತ್ರೆಗೆ ಹೊರಟ. ಮೈಯಲ್ಲಿ ಕುರು, ಕೆಮ್ಮು. ಆದರೂ ವೇದಿಕೆ ಏರಿ, ನಗದ ಮುಖದಿಂದ, ಹಳೆಯ ಬಡಾಯಿ ಕಥೆಗಳನ್ನೇ ಊರೂರಿನಲ್ಲಿ ಹೇಳಿದ. ಅಂದು ಹೇಳಿದ ಸುಳ್ಳುಗಳೇ ಇಂದು ಸಾಲದ ಸತ್ಯವನ್ನು ತೀರಿಸುವ ದುಡಿಮೆಯಾದವು.

ಮುಂಬಯಿಯ ಕಾಗೆ, ತಪ್ಪಿದ ವಿಜಯಪುರ

1896ರ ಜನವರಿಯಲ್ಲಿ ಟ್ವೇನ್ ಮುಂಬಯಿಗೆ ಬಂದಿಳಿದ. ಆಗಿನ ಹೆಸರಾಂತ ವಾಟ್ಸನ್ಸ್ ಹೋಟೆಲಿನಲ್ಲಿ ವಸತಿ. ಅಲ್ಲಿ ಆತನ ಮನಸೂರೆಗೊಂಡದ್ದು ಅರಮನೆಯಲ್ಲ, ಕಾಗೆ. ಬಾಲ್ಕನಿಯ ಕಂಬಿಯ ಮೇಲೆ ಕುಳಿತು ತನ್ನ ಬಟ್ಟೆ, ಮೈಬಣ್ಣ, ಚರಿತ್ರೆಗಳ ಕುರಿತು ಚರ್ಚಿಸುವ ಕಾಗೆಗಳನ್ನು ಆತ ಬಣ್ಣಿಸಿದ ರೀತಿ ನೆವಾಡಾದ ಹಳೆಯ ಶೈಲಿಯದೇ. ಪುಣೆ, ಬರೋಡಾ, ಅಲಹಾಬಾದ್, ಬನಾರಸ್, ಕಲ್ಕತ್ತಾ, ಡಾರ್ಜಿಲಿಂಗ್, ಆಗ್ರಾ, ಜೈಪುರ, ಲಾಹೋರ್ ಹೀಗೆ ಸಾಗಿತು ಯಾತ್ರೆ. ಹಿಮಾಲಯದ ಪುಟ್ಟ ರೈಲುಹಾದಿಯಲ್ಲಿ ಕೈಬಂಡಿ ಏರಿ ಜರ್ರನೆ ಇಳಿದದ್ದನ್ನು ಬದುಕಿನ ಅತ್ಯಂತ ಸುಖದ ದಿನವೆಂದು ಬಗೆದ.

ಹೊಟಗಿಯಿಂದ ಗದುಗಿಗೆ ವಿಜಯಪುರದ ಮೂಲಕ ರೈಲು ಬಂದದ್ದು 1884ರಲ್ಲಿ. ಪುಣೆಯವರೆಗೆ ಬಂದವನಿಗೆ ಈ ನಗರ ದೂರವೇನೂ ಆಗಿರಲಿಲ್ಲ. ಆದರೆ ಸಾಲಗಾರನಿಗೆ ಟಿಕೆಟ್ ಕೊಳ್ಳುವ ಸಭಿಕರಿರುವ ಊರುಗಳೇ ಬೇಕಿದ್ದವು. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಟ್ವೇನ್ ನಿಂತಿದ್ದರೆ ಆ ಪ್ರತಿಧ್ವನಿಗೆ ಎಷ್ಟು ಹುಟ್ಟುಗಳು ಸೇರಿಕೊಳ್ಳುತ್ತಿದ್ದವೋ!

ಯಾತ್ರೆ ಮುಗಿಸಿ ಇಂಗ್ಲೆಂಡಿನಲ್ಲಿದ್ದಾಗ, 1896ರ ಆಗಸ್ಟ್‌ನಲ್ಲಿ, ಊರಲ್ಲಿ ಉಳಿದಿದ್ದ ಹಿರಿಯ ಮಗಳು ಸೂಸಿ ಮಿದುಳುಜ್ವರದಿಂದ ತೀರಿಕೊಂಡ ತಂತಿ ಬಂದಿತು. ಕುಸಿದ ಮನಸ್ಸಿನಿಂದಲೇ ಯಾತ್ರೆಯ ಪುಸ್ತಕ ಬರೆದು 1897ರಲ್ಲಿ ಪ್ರಕಟಿಸಿದ. 1898ರ ಆರಂಭದ ವೇಳೆಗೆ ಸಾಲವೆಲ್ಲ ಪೂರ್ಣವಾಗಿ ಚುಕ್ತಾ ಆಗಿತ್ತು.

ಧೂಮಕೇತುವಿನೊಂದಿಗೆ

ಕೊನೆಯ ವರ್ಷಗಳಲ್ಲಿ ಟ್ವೇನ್ ನಗೆಗಾರನಿಗಿಂತ ಹೆಚ್ಚಾಗಿ ನಿಷ್ಠುರವಾದಿ. ಫಿಲಿಪ್ಪೀನ್ಸ್ ಮೇಲೆ ತನ್ನ ದೇಶ ನಡೆಸಿದ ದಬ್ಬಾಳಿಕೆಯನ್ನು ಬಹಿರಂಗವಾಗಿ ಖಂಡಿಸಿದ. 1904ರಲ್ಲಿ ಒಲಿವಿಯಾ, 1909ರ ಡಿಸೆಂಬರ್ 24ರಂದು ಕಿರಿಯ ಮಗಳು ಜೀನ್ ಕಣ್ಮರೆಯಾದರು. ಧೂಮಕೇತುವಿನೊಂದಿಗೆ ಬಂದವನು ಅದರೊಂದಿಗೇ ಹೋಗುವೆನೆಂದು 1909ರಲ್ಲಿ ಹೇಳಿದ್ದ. ಹ್ಯಾಲಿ ಧೂಮಕೇತು ಸೂರ್ಯನಿಗೆ ಅತಿ ಸಮೀಪ ಬಂದದ್ದು 1910ರ ಏಪ್ರಿಲ್ 20ರಂದು. ಮರುದಿನ, ಏಪ್ರಿಲ್ 21ರಂದು, ಕನೆಕ್ಟಿಕಟ್‌ನ ರೆಡಿಂಗ್‌ನಲ್ಲಿ ಟ್ವೇನ್ ಕೊನೆಯುಸಿರೆಳೆದ. ಆತನ ಎಲ್ಲ ಬಡಾಯಿಗಳಲ್ಲಿ ಅಕ್ಷರಶಃ ನಿಜವಾದದ್ದು ಇದೊಂದೇ.

ಕೇಳುವವನ ಜೇಬಿಗೆ ಕೈಹಾಕುವ ಸುಳ್ಳು ವಂಚನೆ. ಕೇಳುವವನನ್ನು ಪಾಲುದಾರನನ್ನಾಗಿ ಮಾಡಿಕೊಳ್ಳುವ ಸುಳ್ಳು ಕಥೆ. ಮೊದಲನೆಯದನ್ನು ಮಾಡಿ ತಲೆತಗ್ಗಿಸಿದ ವರದಿಗಾರನೊಬ್ಬ ಎರಡನೆಯದರಿಂದ ಅಮರನಾದ. ಷೇರ್ಜಾ ಬುರುಜಿನ ಮೇಲೆ ಗೋಲಂದಾಜನನ್ನು ನೀರಿಗೆ ಹಾರಿಸುವವರಿಗೆ ಟ್ವೇನ್‌ನ ಹೆಸರು ಗೊತ್ತಿರಬೇಕೆಂದೇನಿಲ್ಲ. ಆದರೆ ನಗದ ಮುಖದಿಂದ ಅವರು ಹೇಳುವ ಆ ಕಥೆಯನ್ನು ಆತ ಕೇಳಿದ್ದರೆ, ತೊಟ್ಟಿಯ ಆಳ ಎಷ್ಟೆಂದು ಖಂಡಿತ ವಿಚಾರಿಸುತ್ತಿದ್ದ. ಎರಡು ಮಾರು ಎಂಬ ಉತ್ತರ ಬಂದಿದ್ದರೆ, ಅಪಾಯವಿಲ್ಲವೆಂದು ತಲೆದೂಗುತ್ತಿದ್ದ.